ಮಾಗಿ ಚಳಿ, ಕೆಂಚಿಯ ಮುಂಗಾಲು

ನನಗೆ ಆಗ ಅರವತ್ತಾರು. ಆಧಾರ್ ಕಾರ್ಡಿನ ಲೆಕ್ಕದಲ್ಲಿ ಅರವತ್ತೊಂದು, ಅದು ಬರೆದುಕೊಂಡವನ ಅಂದಾಜು. ಇದು ನಡೆದು ಐದು ಮಾಗಿ ಕಳೆದಿವೆ.

ನಾವು ಕುರಿಯವರು. ಊರು ಸಿಂಗಟಗೆರೆ ಕಡೆ. ಮಳೆಗಾಲ ಮುಗಿದ ಮೇಲೆ ಮಂದೆ ಹೊಡೆದುಕೊಂಡು ಅಜ್ಜಂಪುರ, ತರೀಕೆರೆ ಕಡೆ ಹೋಗುತ್ತೇವೆ. ಹೊಲದವರು, ತೋಟದವರು ತಮ್ಮ ಭೂಮಿಯಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಹಿಕ್ಕೆ ಅವರಿಗೆ ಗೊಬ್ಬರ. ಒಂದು ಕಡೆ ಕೆಲವು ದಿನ ನಿಲ್ಲಿಸಿ ಮುಂದಿನ ಕಡೆಗೆ ಹೊರಡುತ್ತೇವೆ. ಮೇಯಿಸುವುದು ಗಂಡಸರ ಕೆಲಸ. ಬಿಡಾರ ನನ್ನದು. ಒಲೆ, ನೀರು, ಹುಟ್ಟಿದ ಮರಿ, ಕುದುರೆ.

ಕುದುರೆ ಎಂದರೆ ಮದುವೆ ಗಂಡು ಕೂರುವಂಥದ್ದಲ್ಲ. ಗಿಡ್ಡ ಜಾತಿ, ಕೆಂಪು ಬಣ್ಣ, ದಪ್ಪ ಹೊಟ್ಟೆ. ಕೆಂಚಿ ಎಂದು ಕರೆಯುತ್ತಿದ್ದೆವು. ಬೆನ್ನಿಗೆ ಮೆತ್ತೆ ಬಿಗಿದು ಅದರ ಮೇಲೆ ಪಾತ್ರೆ, ಕುರಿ ಕೂಡುವ ಬಲೆ, ಕಂಬಳಿ ಎಲ್ಲ ಹೇರುತ್ತಿದ್ದೆವು. ಎರಡು ಪಕ್ಕಕ್ಕೂ ಜೋಳಿಗೆ ಇಳಿಬಿಟ್ಟು, ನಡೆಯಲಾರದ ಮರಿಗಳನ್ನು ಅದರಲ್ಲಿ ಕೂರಿಸುತ್ತಿದ್ದೆವು. ಆ ಮೆತ್ತೆ ನಾನೇ ಹೊಲಿದದ್ದು. ಗೋಣಿಯೊಳಗೆ ರಾಗಿಹುಲ್ಲು ತುಂಬಿ, ದಬ್ಬಳದಲ್ಲಿ ಹೊಲಿದು, ವರ್ಷಕ್ಕೊಮ್ಮೆ ಹುಲ್ಲು ಬದಲಾಯಿಸುತ್ತಿದ್ದೆ. ಕೆಂಚಿಗೆ ಒಂದು ಅಭ್ಯಾಸ. ಮರಿ ಅರಚುತ್ತಿದ್ದರೆ ನಡೆಯುತ್ತಿತ್ತು. ಮರಿ ಸುಮ್ಮನಾದರೆ ನಿಂತು ಕತ್ತು ತಿರುಗಿಸಿ ನೋಡುತ್ತಿತ್ತು.

ಆ ವರ್ಷ ಮಾಗಿ ಬೇಗ ಬಂತು. ತರೀಕೆರೆ ಕಡೆಯ ಒಂದು ತೆಂಗಿನ ತೋಟದಲ್ಲಿ ಬಿಡಾರ ಹಾಕಿದ್ದೆವು. ಡ್ರಿಪ್ ಪೈಪಿನ ತೋಟ, ನೆಲ ಒಣಗುವುದೇ ಇಲ್ಲ. ಗರಿಯಿಂದ ಇಬ್ಬನಿ ಮಳೆಯ ಹಾಗೆ ತೊಟ್ಟಿಕ್ಕುತ್ತಿತ್ತು. ಕುದುರೆ ದೂರ ಹೋಗಬಾರದೆಂದು ನಾವು ರಾತ್ರಿ ಅದರ ಎರಡು ಮುಂಗಾಲನ್ನೂ ಗಿಡ್ಡ ಹಗ್ಗದಲ್ಲಿ ಸೇರಿಸಿ ಕಟ್ಟುತ್ತೇವೆ. ಅದು ಕುಪ್ಪಳಿಸಿಕೊಂಡು ಅಲ್ಲೇ ಮೇಯುತ್ತದೆ. ಒಂದು ಬೆಳಿಗ್ಗೆ ಹಗ್ಗ ಬಿಚ್ಚಿ ಬಾ ಎಂದೆ. ಬರಲಿಲ್ಲ. ಎಳೆದೆ. ತಲೆ ಮೇಲಕ್ಕೆ ಎಸೆದು, ಎಡಗಾಲನ್ನು ಮಡಿಸದೆ ಊರುಗೋಲಿನ ಹಾಗೆ ಪಕ್ಕದಿಂದ ತಿರುಗಿಸಿ ತಂದು ಇಟ್ಟಿತು. ಎಡ ಮಂಡಿ ಬೇಲದ ಹಣ್ಣಿನಷ್ಟು ದಪ್ಪವಾಗಿತ್ತು. ಮುಟ್ಟಿದರೆ ಬಿಸಿ.

ಕುರಿಯವರಿಗೆ ಕುಂಟು ಕುದುರೆ ಎಂದರೆ ಏನು ಎಂಬುದು ನನಗೆ ಗೊತ್ತು. ಯಾರೂ ಕೊಳ್ಳುವುದಿಲ್ಲ, ಯಾರೂ ಸಾಕುವುದಿಲ್ಲ. ಹಗ್ಗ ಬಿಚ್ಚಿ ಟಾರ್ ರಸ್ತೆ ಬದಿಗೆ ಬಿಟ್ಟು ಮಂದೆ ಮುಂದಕ್ಕೆ ಹೋಗುತ್ತದೆ. ಅದು ಕುಂಟಿಕೊಂಡು ಒಂದಿಷ್ಟು ದೂರ ಹಿಂದೆ ಬರುತ್ತದೆ. ಆಮೇಲೆ ಲಾರಿ. ಅಂಥ ಕುದುರೆಗಳ ಪಕ್ಕದಲ್ಲಿ ಮೂಗು ಮುಚ್ಚಿಕೊಂಡು ನಾನೇ ಎಷ್ಟೋ ಸಲ ಹಾದುಹೋಗಿದ್ದೇನೆ.

ಮಂದೆಯ ಯಜಮಾನ ನನ್ನ ಮೈದುನ. ನನ್ನ ಗಂಡ ಹೋದ ಮೇಲೆ ಅವನದೇ ಮಾತು. ಬಂದು ನೋಡಿದ. ಮಂಡಿ ಹಿಸುಕಿದ. ಕೆಂಚಿ ಕಿವಿ ಹಿಂದಕ್ಕೆ ಹಾಕಿತು.

"ಅತ್ಗೆ, ಕುಡ್ಗೋಲು ಕಾಯ್ಸು. ಎರಡು ಗೆರೆ ಬರೆ ಎಳುದ್ರೆ ಬಾವು ಇಳೀತದೆ" ಎಂದ.

"ಮೊದ್ಲು ನಿನ್ ಮಂಡಿಗೆ ಎಳ್ಕಂಡು ತೋರ್ಸೋ. ಇಳುದ್ರೆ ಆಮೇಲೆ ಕುದ್ರೆ ನೋಡಾನ" ಎಂದೆ.

ಅವನ ಹೆಂಡತಿ, ನನ್ನ ಓರಗಿತ್ತಿ, ಒಲೆ ಮುಂದೆ ಕೂತು ನಕ್ಕಳು. ನನಗೆ ನಗು ಬರಲಿಲ್ಲ. ಕೆಂಚಿಗಿಂತ ಮುಂಚೆ ಒಂದು ಕರಿ ಕುದುರೆ ಇತ್ತು. ಅದಕ್ಕೂ ಹೀಗೆ ಕೀಲಿಗೆ ಬರೆ ಎಳೆದರು. ಗಾಯಕ್ಕೆ ನೊಣ ಕೂತಿತು, ಹುಳ ಬಿತ್ತು, ಕಾಲು ನಾರಿತು. ಅದು ಸಾಯುವ ತನಕ ಹುಳ ಹೆಕ್ಕಿದವಳು ನಾನು.

ತೋಟದ ಗೌಡರು ಒಳ್ಳೆಯವರು. ಅವರ ಹಸುಗಳಿಗೆ ಚುಚ್ಚುಮದ್ದು ಹಾಕಲು ದನದ ಆಸ್ಪತ್ರೆಯ ಡಾಕ್ಟ್ರಮ್ಮ ಸ್ಕೂಟರಿನಲ್ಲಿ ಬರುವವರಿದ್ದರು. "ಇರಜ್ಜಿ, ಅವ್ರು ನೋಡ್ಲಿ. ಅಲ್ಲೀಗಂಟ ಯಾರೂ ಏನೂ ಮಾಡ್ಬೇಡಿ" ಎಂದರು. ತೋಟ ಅವರದು, ಮೈದುನ ಎದುರಾಡಲಿಲ್ಲ.

ಡಾಕ್ಟ್ರಮ್ಮ ಚಿಕ್ಕ ಪ್ರಾಯದವರು, ಆದರೆ ಕುದುರೆಗೆ ಹೆದರಲಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡಿದರು. ಗೊರಸು ಹಿಡಿದು ಕಾಲನ್ನು ಮೆಲ್ಲಗೆ ಮಡಿಸಿದರು. ಒಳಗೆ ಮರಳು ತುಳಿದ ಹಾಗೆ ಸದ್ದು. ನನ್ನ ಕೈಯನ್ನೂ ಮಂಡಿಯ ಮೇಲೆ ಇಡಿಸಿದರು.

"ಕೇಳಿಸ್ತಾ ಅಜ್ಜಿ? ಕೀಲು ಸವೆದಿದೆ. ಸಂಧಿವಾತ. ಇದಕ್ಕೆ ವಯಸ್ಸಾಗಿದೆ, ತುಂಬಾ ಹೊತ್ತಿದೆ. ಇದು ಹೋಗೋ ಕಾಯಿಲೆ ಅಲ್ಲ. ಚಳಿಗಾಲ ದಾಟಿಸ್ಬೇಕು, ಅಷ್ಟೇ."

"ದಾಟುತ್ತಾ ತಾಯಿ?"

"ಅದು ನೀವು ನೋಡ್ಕೊಳ್ಳೋದರ ಮೇಲೆ."

ನೋವಿಗೆ ಸೂಜಿ ಹಾಕಿದರು. ಹೇಗೆ ನೋಡಿಕೊಳ್ಳಬೇಕು ಎಂದು ಹೇಳಿಕೊಟ್ಟರು. ಬೆನ್ನಿನ ಮೇಲೆ ಹೇರು ಬೇಡ. ಮುಂಗಾಲು ಸೇರಿಸಿ ಕಟ್ಟಲೇಬಾರದು. ಕುಪ್ಪಳಿಸಿದಾಗೆಲ್ಲ ಪೂರಾ ಭಾರ ಆ ಕೀಲಿನ ಮೇಲೆ ಬೀಳುತ್ತದೆ. ಒಣ ನೆಲ ಬೇಕು. ಮಂಡಿ ಬಿಸಿಯಾಗಿ ಊದಿದ್ದರೆ ತಣ್ಣೀರು ಹಾಕಬೇಕು. ಬಿಸಿ ಇಲ್ಲದೆ ಬರೀ ಬಿಗಿದುಕೊಂಡಿದ್ದರೆ ಶಾಖ ಕೊಡಬೇಕು. ಎರಡನ್ನೂ ಅದಲು ಬದಲು ಮಾಡಬಾರದು. ಚಳಿಗೆ ಬಟ್ಟೆ ಸುತ್ತಬಹುದು, ಆದರೆ ಬೆರಳು ತೂರುವಷ್ಟು ಸಡಿಲವಾಗಿ, ಬೆಳಿಗ್ಗೆ ಬಿಚ್ಚಬೇಕು. ಗೊರಸಿನ ಮುಂದಿನ ತುದಿ ಉದ್ದ ಬೆಳೆದಿದೆ, ಅದು ಪ್ರತಿ ಹೆಜ್ಜೆಗೂ ಕೀಲನ್ನು ಹಿಂದಕ್ಕೆ ಮೀಟುತ್ತದೆ, ಕೆತ್ತಿಸಿ ಎಂದರು. ತಿನ್ನಿಸುವ ಪುಡಿಗೆ ಒಂದು ಚೀಟಿ ಬರೆದು, ಅಳತೆಗೆ ಒಂದು ಚಮಚ ಕೊಟ್ಟರು. "ಜಾಸ್ತಿ ಹಾಕಿದ್ರೆ ಬೇಗ ವಾಸಿಯಾಗುತ್ತೆ ಅಂತ ಹಾಕ್ಬೇಡಿ. ಹೊಟ್ಟೆ ಹುಣ್ಣಾಗಿ ಸತ್ತುಹೋಗುತ್ತೆ" ಎಂದರು. ಆ ಮಾತು ನನ್ನನ್ನು ಇನ್ನಷ್ಟು ಹೆದರಿಸಿತು. ಆಮೇಲೆ ಪುಡಿ ಹಾಕುವಾಗೆಲ್ಲ ಚಮಚದ ಮೇಲೆ ಬೆರಳೆಳೆದು ಸಮ ಮಾಡಿ, ಒಂದು ಚಿಟಿಕೆ ಹೆಚ್ಚಾಯಿತೇನೋ ಎಂದು ಮತ್ತೆ ನೋಡುತ್ತಿದ್ದೆ.

ಎತ್ತುಗಳಿಗೆ ಲಾಳ ಹೊಡೆಯುವವನನ್ನು ಗೌಡರೇ ಕರೆಸಿದರು. ಅವನು ಗೊರಸಿನ ತುದಿ ಕೆತ್ತಿದ. ಒದ್ದೆ ಇಲ್ಲದ ಜಾಗ ತೋಟದಲ್ಲಿ ಒಂದೇ ಇತ್ತು, ಪಂಪ್‌ಮನೆಯ ಗೋಡೆ ಪಕ್ಕ. ಅಲ್ಲಿ ತೆಂಗಿನ ಸಿಪ್ಪೆಯ ಪುಡಿ ಹರಡಿ ಕೆಂಚಿಯನ್ನು ನಿಲ್ಲಿಸಿದೆ. ಬೆಳಿಗ್ಗೆ ಮೊದಲು ಕೈಹಿಂಭಾಗದಿಂದ ಮಂಡಿ ಮುಟ್ಟಿ ನೋಡುವುದು. ಬಿಸಿಯಿದ್ದರೆ ಬೋರಿನ ನೀರು. ಇಲ್ಲದಿದ್ದರೆ ಉಪ್ಪು ಹುರಿದು ಗಂಟು ಕಟ್ಟಿ, ಮೊದಲು ನನ್ನ ಕೆನ್ನೆಗೆ ಇಟ್ಟು ನೋಡಿ, ಆಮೇಲೆ ಅದರ ಕಾಲಿಗೆ ಒತ್ತುವುದು. ರಾತ್ರಿಗೆ ಹಳೇ ಕಂಬಳಿಯ ಪಟ್ಟಿ ಸುತ್ತುವುದು.

ಓರಗಿತ್ತಿ ಸುಮ್ಮನಿರುವವಳಲ್ಲ. "ಅಕ್ಕಯ್ಯ, ನಮ್ ಯಜಮಾನ್ರು ಸೊಂಟ ಹಿಡ್ಕಂಡು ಮಲ್ಗಿದ್ದಾಗ ನೀನು ಹಿಂಗೆ ಉಪ್ಪು ಹುರೀಲಿಲ್ಲ ಕಣೇ" ಎಂದಳು.

"ಅವ್ನು ಮರಿ ಹೊರ್ತಾನೇನೇ?" ಎಂದೆ.

ಮಾತು ಹಾಗೆ ಆಡುತ್ತಿದ್ದೆ. ಒಳಗೆ ಬೇರೆ. ಕೆಂಚಿ ಮಲಗುತ್ತಿರಲಿಲ್ಲ. ಕೀಲು ನೋಯುವ ಕುದುರೆ ಮಲಗುವುದಿಲ್ಲ, ಎದ್ದೇಳಲು ಆಗುವುದಿಲ್ಲವೆಂದು ಅದಕ್ಕೇ ಗೊತ್ತು. ನಿಂತೇ ತೂಗಡಿಸುತ್ತಿತ್ತು, ಮಂಡಿ ಕುಸಿದಾಗ ಬೆಚ್ಚಿ ಎಚ್ಚರವಾಗುತ್ತಿತ್ತು. ಹಾಗೆ ಬೆಚ್ಚಿದಾಗ ಗೊರಸು ಗೋಡೆಗೆ ತಾಗಿ ಸದ್ದಾಗುತ್ತಿತ್ತು. ಆ ಸದ್ದಿಗೆ ನಾನೂ ಬೆಚ್ಚುತ್ತಿದ್ದೆ. ನನಗೆ ಕತ್ತಲೆಯ ಭಯವಿಲ್ಲ, ಚಿರತೆ ಓಡಾಡುವ ಕಡೆಯೆಲ್ಲ ಮಲಗಿದವಳು. ಆ ಮಾಗಿಯಲ್ಲಿ ನನಗೆ ಬೆಳಕು ಹರಿಯುವುದೇ ಭಯ. ಬೆಳಕಾದರೆ ಕಾಲು ನೋಡಬೇಕು.

ಕೆಂಚಿಯನ್ನು ಓರಗಿತ್ತಿಗೆ ಒಪ್ಪಿಸಿ, ಪುಡಿ ತರಲು ತರೀಕೆರೆಗೆ ಹೋದೆ. ಅಲ್ಲಿನ ಅಂಗಡಿಯಲ್ಲಿ ಕುದುರೆಯದು ಇಲ್ಲ, ಕಡೂರಿನಲ್ಲಿ ಕೇಳಿ ಎಂದರು. ಕಡೂರಿಗೆ ಬಸ್ಸು ಹತ್ತಿದೆ. ಪುಡಿ ಸಿಕ್ಕುವಷ್ಟರಲ್ಲಿ ಸಂಜೆ. ಅಲ್ಲೇ ನನ್ನ ತಂಗಿಯ ಮನೆಯಲ್ಲಿ ಉಳಿದು ಬೆಳಿಗ್ಗೆ ಹೊರಟೆ. ಮುದ್ದೆ ಇಕ್ಕಿದರು, ಅರ್ಧಕ್ಕೇ ಎದ್ದೆ. ನಾನಿಲ್ಲದ ಹೊತ್ತಿನಲ್ಲಿ ಮೈದುನ ಕುಡುಗೋಲು ಕಾಯಿಸುತ್ತಾನೆ ಎಂಬುದೇ ತಲೆಯಲ್ಲಿ. ಬಸ್ಸಿಳಿದು ತೋಟದ ದಾರಿಯಲ್ಲಿ ನಡೆಯುವಾಗ ತೆಂಗಿನ ಮರಗಳ ನಡುವೆ ಹೊಗೆ ಕಂಡಿತು. ಊಟದ ಹೊತ್ತಲ್ಲ. ಆ ವಯಸ್ಸಿನಲ್ಲೂ ನಾನು ಓಡಿದೆ.

ಹೊಗೆ ಕುರಿಗಳ ನೊಣಕ್ಕೆ ಹಾಕಿದ್ದು. ಆದರೆ ಕುಡುಗೋಲು ಒಲೆ ಪಕ್ಕದಲ್ಲಿ ಒರಗಿತ್ತು, ತುಕ್ಕು ಉಜ್ಜಿ ಇಟ್ಟಿದ್ದರು. ಓರಗಿತ್ತಿ ಎದುರು ಬಂದಳು. ಅವಳ ಮುಖ ನೋಡಿ ನಾನು ಪುಡಿಯ ಚೀಲ ಕೆಳಗಿಟ್ಟೆ.

"ಅಕ್ಕಯ್ಯ, ಬಾವು ಕೆಳಕ್ಕೆ ಇಳ್ದ್‌ಬಿಟ್ಟೈತೆ" ಎಂದಳು.

ಮಂಡಿಯ ಕೆಳಗೆ ಕಾಲು ಬಾಳೆದಿಂಡಿನ ಹಾಗೆ ಆಗಿತ್ತು. ಗೊರಸಿನ ಮೇಲಿನ ಗೆಣ್ಣು ಕಾಣುತ್ತಲೇ ಇಲ್ಲ. ಹೆಬ್ಬೆರಳಿನಿಂದ ಒತ್ತಿದೆ, ಹಿಟ್ಟಿನಲ್ಲಿ ಒತ್ತಿದಂತೆ ಗುಳಿ ಬಿತ್ತು, ಮೇಲೇಳಲಿಲ್ಲ. ಕೆಂಚಿ ಹಲ್ಲು ಕಡಿಯುತ್ತಿತ್ತು. ಮುಂದೆ ಇಟ್ಟ ಹುಲ್ಲು ಹಾಗೇ ಇತ್ತು.

ಮೈದುನ ಹಿಂದಿನಿಂದ ಬಂದ. "ನೋಡ್ದ್ಯಾ? ವಿಸ ಇಳೀತೈತೆ. ಸಂಜೆ ಬರೆ ಎಳಿತೀನಿ. ನಾಳೆ ಬಿಟ್ಟು ನಾಳಿದ್ದು ಶಿವನಿ ಕಡೀಕೆ ಹೊರಡ್ಬೇಕು, ಅಲ್ಲಿ ಹೊಲದೋರು ಕಾಯ್ತಾವ್ರೆ. ಬರೆಗೂ ಬಗ್ಗದಿದ್ರೆ ಬಿಟ್ಟು ಹೋಗಾನ. ಇನ್ನೇನ್ ಮಾಡಾಕಾಯ್ತದೆ ಅತ್ಗೆ?"

ಅವನು ಕೆಟ್ಟವನಲ್ಲ. ಇನ್ನೂರು ಕುರಿ ಹೊಡೆದುಕೊಂಡು ಹೋಗುವವನು ಒಂದು ಕುದುರೆ ಕಾಲಿಗಾಗಿ ನಿಲ್ಲಲಾರ. ನಾನು ಮಂಡಿಯ ಕಟ್ಟು ಬಿಚ್ಚಲು ಕೈ ಹಾಕಿದೆ. ಬೆರಳು ತೂರಲಿಲ್ಲ. ಉಗುರು ಕೂಡ ತೂರಲಿಲ್ಲ. ಕಟ್ಟು ಮರದ ತೊಗಟೆಯಂತೆ ಗಡುಸಾಗಿತ್ತು.

"ಇದ್ ಯಾವ್ ಕಂಬಳಿಯೇ?" ಎಂದು ಕೇಳಿದೆ.

"ಹಳೇ ಪಟ್ಟಿ ಇಬ್ಬನೀಲಿ ತೊಯ್ದು ನಾತ ಹೊಡೀತಿತ್ತು. ಅದ್ಕೆ ನಂದು ಹೊಸಾದು ಕತ್ತರ್ಸಿ ಕಟ್ದೆ. ಬಿಸಿ ಉಪ್‌ನೀರಲ್ಲಿ ಅದ್ದಿ, ಹಿಂಡಿ ಕಟ್ದೆ. ನೀನು ಹೇಳ್ದಂಗೆ ಬೆರಳು ತೂರ್ತಿತ್ತು ಕಣಕ್ಕಯ್ಯ, ದೇವ್ರಾಣೆ."

ತನಗಾಗಿ ನೇಯಿಸಿಕೊಂಡ ಕಂಬಳಿ. ಇನ್ನೂ ಒಂದು ಸಲ ಹೊದ್ದಿರಲಿಲ್ಲ. ನಮ್ಮಲ್ಲಿ ಹೊಸ ಕಂಬಳಿಗೆ ಕತ್ತರಿ ಹಾಕುವುದಿಲ್ಲ, ಅದನ್ನೂ ಮೀರಿ ಕತ್ತರಿಸಿದ್ದಳು. ಕುರಿಯವರ ಮನೆಯಲ್ಲಿ ಕಾಯಿಲೆಗೆ ಕಂಬಳಿಗಿಂತ ಹೆಚ್ಚಿನದು ಏನು ಗೊತ್ತಿದೆ? ನಾನಿದ್ದರೂ ಅದನ್ನೇ ಕಟ್ಟುತ್ತಿದ್ದೆ.

ಆದರೆ ಹೊಸ ಕಂಬಳಿ ಎಂದರೆ ಬರೀ ಉಣ್ಣೆಯಲ್ಲ. ಮಗ್ಗದಿಂದ ಇಳಿದ ಮೇಲೆ ಅದಕ್ಕೆ ಹುಣಸೆ ಬೀಜದ ಗಂಜಿ ಹಚ್ಚಿ ಬಿಸಿಲಿಗೆ ಒಣಗಿಸಿರುತ್ತಾರೆ, ಮಳೆ ನೀರು ಇಳಿಯದಿರಲಿ ಎಂದು. ಬಿಸಿನೀರು ಬಿದ್ದರೆ ಆ ಗಂಜಿ ಕರಗಿ ಅಂಟಾಗುತ್ತದೆ. ಉಣ್ಣೆಯೂ ಬಿಸಿನೀರಿಗೆ ಸಿಕ್ಕಿದರೆ ಕುಗ್ಗುತ್ತದೆ. ಒದ್ದೆಯಿದ್ದಾಗ ಬೆರಳು ತೂರಿದೆ, ನಿಜ. ಬೆಳಿಗ್ಗೆ ಪಂಪ್‌ಮನೆ ಗೋಡೆಗೆ ಬಿಸಿಲು ಬಿತ್ತು. ಕಟ್ಟು ಒಣಗಿತು, ಕುಗ್ಗಿತು, ಗಂಜಿ ಗಟ್ಟಿಯಾಯಿತು. ಆ ಮಧ್ಯೆ ಎರಡು ಕುರಿ ಈದಿದ್ದವು, ಓರಗಿತ್ತಿ ಮರಿ ಹಿಂದೆ ಇದ್ದಳು, ಬೆಳಿಗ್ಗೆ ಬಿಚ್ಚಬೇಕಾದ ಕಟ್ಟು ಹಾಗೇ ಉಳಿಯಿತು. ವಿಷ ಇಳಿದಿದ್ದಲ್ಲ. ರಕ್ತ ಕೆಳಗೆ ಹೋಗಿ ಮೇಲೆ ಬರಲಾಗದೆ ನಿಂತಿತ್ತು.

ಉಣ್ಣೆ ಕತ್ತರಿಸುವ ಕತ್ತರಿ ತಂದೆ. ಮೊಂಡು ತುದಿ, ಆದರೂ ಅಲಗು ಉದ್ದ. ಚರ್ಮಕ್ಕೂ ಕಟ್ಟಿಗೂ ನಡುವೆ ಕೂದಲೆಳೆ ಜಾಗವಿಲ್ಲ. ಮೈದುನನಿಗೆ ತಲೆ ಹಿಡಿ ಎಂದೆ. ನಾನು ಅದರ ಎದೆಯ ಕೆಳಗೆ ಕುಕ್ಕರಗಾಲಲ್ಲಿ ಕೂತೆ. ಒದ್ದರೆ ನನ್ನ ಮುಖಕ್ಕೇ. ಬಿದ್ದರೆ ನನ್ನ ಮೇಲೇ. ಎರಡೂ ಆಗಬಹುದಿತ್ತು. ಕತ್ತರಿಯನ್ನು ಮಂಡಿಯ ಹಿಂದಿನ ಗುಳಿಯಿಂದ ತೂರಿಸಿದೆ, ಅಲ್ಲಿ ಸ್ವಲ್ಪ ಟೊಳ್ಳು ಇರುತ್ತದೆ. ಮೊದಲ ಕಚ್ಚಿಗೆ ಕೆಂಚಿ ನಡುಗಿತು. ಕತ್ತರಿಯನ್ನು ಅಲ್ಲೇ ಹಿಡಿದು ಅದು ನಿಲ್ಲುವ ತನಕ ಕಾದೆ.

"ಹುಷಾರು ಅತ್ಗೆ, ನರ ಕುಯ್ದೀಯ" ಎಂದ ಮೈದುನ. ಕೆಂಚಿಯ ತಲೆಯನ್ನು ಎದೆಗೆ ಅವುಚಿಕೊಂಡ.

ಎಳೆ ಎಳೆಯಾಗಿ ಕತ್ತರಿಸಿದೆ. ಕೊನೆಯ ಎಳೆ ತಾನೇ ಹರಿದು ಕಟ್ಟು ಎರಡು ಹೋಳಾಗಿ ಬಿತ್ತು. ಬಿದ್ದ ಮೇಲೂ ಅದು ಮಂಡಿಯ ಆಕಾರದಲ್ಲೇ ಇತ್ತು. ಕೆಳಗೆ ಕೂದಲು ಕಿತ್ತು ಬಂದಿತ್ತು, ಚರ್ಮ ಬೆಳ್ಳಗೆ, ಹಗ್ಗ ಬಿಗಿದ ಹಾಗೆ ಸುತ್ತಲೂ ಗೆರೆ. ಓರಗಿತ್ತಿ ಸೆರಗು ಬಾಯಿಗೆ ಇಟ್ಟುಕೊಂಡಳು. "ಅಳ್‌ಬೇಡ ಸುಮ್ಕಿರೇ, ಹೋಗ್ ನೀರು ತತ್ತಾ" ಎಂದು ಗದರಿದೆ. ಯಾರಾದರೂ ಅತ್ತರೆ ನಾನೂ ಕೈಬಿಡುತ್ತಿದ್ದೆ.

ಡಾಕ್ಟ್ರಮ್ಮನಿಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ ಹೇಳಿದರು, "ಇನ್ನು ಏನೂ ಕಟ್ಬೇಡಿ. ತಣ್ಣೀರು ಹಾಕಿ, ಕೆಳಗಿಂದ ಮೇಲಕ್ಕೆ ಕೈಯಲ್ಲಿ ನೀವಿ. ಆಮೇಲೆ ನಡೆಸಿ."

"ನಡ್ಸದಾ? ನಿಲ್ಲಾಕೇ ಆಯ್ತಿಲ್ವಲ್ಲ ತಾಯಿ."

"ನಿಂತಷ್ಟೂ ಕಾಲಿಗೆ ನೀರು ಇಳಿಯುತ್ತೆ ಅಜ್ಜಿ. ಕೀಲೂ ಬಿಗಿಯುತ್ತೆ. ನಿಧಾನಕ್ಕೆ, ಸ್ವಲ್ಪ ಸ್ವಲ್ಪ, ಆದ್ರೆ ನಡೆಸ್ಲೇಬೇಕು. ಕುದುರೆ ಕಾಲು ನಡೆದ್ರೇನೆ ರಕ್ತ ಮೇಲೆ ಹತ್ತೋದು."

ಕಾಲು ಮುರಿದವನಿಗೂ ಹೆತ್ತವಳಿಗೂ ಒಂದೇ ಮದ್ದು, ಮಲಗಿಸುವುದು, ಎಂದು ನಂಬಿದವಳು ನಾನು. ಆದರೆ ಗುಳಿ ಬೀಳುವ ಕಾಲು ಕಣ್ಣೆದುರಿಗಿತ್ತು. ಹಗ್ಗ ಹಿಡಿದು ಪಂಪ್‌ಮನೆಯಿಂದ ಬಾವಿಯ ತನಕ ನಡೆಸಿದೆ. ಅಷ್ಟಕ್ಕೇ ನನಗೆ ಬೆವರು ಕಿತ್ತು ಬಂತು. ನಿಲ್ಲಿಸಿ ನೀರು ಹಾಕಿದೆ, ನೀವಿದೆ, ಮತ್ತೆ ನಡೆಸಿದೆ. ಮಾರನೆಯ ಸಂಜೆಗೆ ಗೆಣ್ಣಿನ ಮೂಳೆ ಮತ್ತೆ ಕೈಗೆ ಸಿಕ್ಕಿತು.

ಮೈದುನ ಬರೆಯ ಮಾತೆತ್ತಿರಲಿಲ್ಲ, ಕುಡುಗೋಲು ಮಾತ್ರ ಅಲ್ಲೇ ಇತ್ತು. ಹೊರಡುವ ಹಿಂದಿನ ಸಂಜೆ ನಾನು ಮೈದುನನಿಗೆ ಹೇಳಿದೆ, ಕೆಂಚಿಯನ್ನು ನಾನು ನಡೆಸಿಕೊಂಡು ಬರುತ್ತೇನೆ, ನಿಮ್ಮ ಹಿಂದೆ, ಅದು ಬಂದ ಹಾಗೆ. ಸಾಮಾನು ಲಗೇಜ್ ಆಟೋದಲ್ಲಿ ಬರಲಿ.

"ದಾರೀಲಿ ಕುಂತ್ಕಂಬುಟ್ರೆ?"

ನಾನು ಕೆಂಚಿಯ ಕಾಲು ನೀವುತ್ತಲೇ ಇದ್ದೆ.

"ಕುಂತ್ಕಂಡ್ರೆ ಹಗ್ಗ ಬಿಚ್ಬುಟ್ಟು ನೀನೊಬ್ಳೇ ಬಂದ್ಬಿಡ್ಬೇಕು. ರೋಡಲ್ಲಿ ಕುದ್ರೆ ಕಾಯ್ಕಂಡು ಕೂರಾಂಗಿಲ್ಲ. ಮಾತು ಕೊಡು" ಎಂದ.

ಕೊಟ್ಟೆ. ಬೇರೆ ದಾರಿ ಇರಲಿಲ್ಲ.

ಮಂದೆ ಮುಂದೆ ಹೋಯಿತು. ಸಾಮಾನಿನ ಜೊತೆ ಓರಗಿತ್ತಿ ಆಟೋದಲ್ಲಿ ಹೋದಳು. ಹೊಸದಾಗಿ ಹುಟ್ಟಿದ್ದ ಮರಿಗಳಲ್ಲಿ ಒಂದು ಬಡಕಲು. ಆಟೋದ ಕುಲುಕಾಟಕ್ಕೆ ಸಾಯುತ್ತದೆಂದು ನಾನೇ ಜೋಳಿಗೆಯಲ್ಲಿ ಹಾಕಿ ಹೆಗಲಿಗೆ ಇಳಿಬಿಟ್ಟುಕೊಂಡೆ. ನಾನು, ಮರಿ, ಹಿಂದೆ ಕೆಂಚಿ. ದಿನಾ ಬಿಸಿಲೇರಿ ಅದರ ಮೈ ಬಿಸಿಯಾದ ಮೇಲೇ ಹೊರಡುವುದು, ಬಿಸಿಲು ಇಳಿಯುವುದರೊಳಗೆ ಬಿಡಾರ ಮುಟ್ಟುವುದು. ಟಾರಿನ ಮೇಲೆ ನಡೆಸಲಿಲ್ಲ, ಪಕ್ಕದ ಮಣ್ಣಿನ ಮೇಲೆ ನಡೆಸಿದೆ. ಲಾರಿ ಬಂದಾಗೆಲ್ಲ ನಾನು ಅದಕ್ಕೂ ರಸ್ತೆಗೂ ನಡುವೆ ನಿಲ್ಲುತ್ತಿದ್ದೆ. ನಾನು ನಿಂತರೆ ಲಾರಿ ನಿಲ್ಲುತ್ತದೆಯೇ? ಆದರೂ ನಿಲ್ಲುತ್ತಿದ್ದೆ. ಕೆಂಚಿ ನಿಂತಾಗೆಲ್ಲ, ಈಗ ಮಂಡಿ ಮಡಿಸುತ್ತದೆ, ಈಗ ಕೂರುತ್ತದೆ ಎಂದು ಅದರ ಕಾಲನ್ನೇ ನೋಡುತ್ತಿದ್ದೆ. ಕೊಟ್ಟ ಮಾತು ಕತ್ತಿಗೆ ಕಟ್ಟಿದ ಕಲ್ಲಿನ ಹಾಗಿತ್ತು. ರಾಗಿ ಕೊಯ್ದ ಹೊಲಗಳಲ್ಲಿ ಜನ ಮೆದೆ ಒಟ್ಟುತ್ತಿದ್ದರು. "ಏನಜ್ಜಿ, ಕುದ್ರೆ ನಡೆಸ್ತಿದ್ದೀಯೋ, ಕುದ್ರೆ ನಿನ್ನ ನಡೆಸ್ತೈತೋ?" ಎಂದು ಒಬ್ಬ ಕೂಗಿದ. "ನಿನ್ ಕಣ್ಗೆ ಹೆಂಗ್ ಕಾಣ್ತದೋ ಹಂಗೆ ಅಂದ್ಕಳಪ್ಪ" ಎಂದೆ.

ಮೂರನೆಯ ದಿನ, ಅಜ್ಜಂಪುರ ದಾಟಿ ಶಿವನಿಗೆ ಹೋಗುವ ಕಡೆ ರೈಲು ಹಳಿ ಅಡ್ಡ ಬಂತು. ಮೊದಲು ಅಲ್ಲಿ ಗೇಟಿತ್ತು. ಈಗ ಮುಚ್ಚಿ, ಹಳಿಯ ಕೆಳಗೆ ಅಂಡರ್‌ಪಾಸ್ ಮಾಡಿದ್ದಾರೆ. ಇಳಿಜಾರು ಕಾಂಕ್ರೀಟು, ತಳದಲ್ಲಿ ನೀರು ನಿಂತು ಪಾಚಿ. ನಮ್ಮ ಮಂದೆ ಆಗಲೇ ದಾಟಿತ್ತು, ಕುರಿ ಕಾಲಿನ ಕೆಸರು ಕಾಂಕ್ರೀಟಿನ ಮೇಲೆಲ್ಲ ಬಳಿದಿತ್ತು. ಇಳಿಜಾರಿನಲ್ಲಿ ಕುದುರೆಯ ಭಾರವೆಲ್ಲ ಮುಂಗಾಲಿಗೇ. ಕೆಂಚಿ ತುದಿಯಲ್ಲಿ ನಿಂತು ಕೆಳಗೆ ನೋಡಿತು, ಮೂಗು ಅಗಲ ಮಾಡಿತು. ನಾನೂ ನೋಡಿದೆ. ಇಲ್ಲಿ ಜಾರಿದರೆ ಮುಗಿಯಿತು. ಅಲ್ಲಿ ಬಿದ್ದ ಕುದುರೆಯನ್ನು ಯಾರೂ ಎತ್ತಲಾರರು.

ನೇರ ಇಳಿಸಲಿಲ್ಲ. ಕಾಲುವೆಯಲ್ಲಿ ನೀರು ತಿರುಗಿಸುವ ಹಾಗೆ ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ ಅಡ್ಡಡ್ಡ ನಡೆಸಿದೆ. ಅರ್ಧ ಇಳಿದಿದ್ದೆವು. ಮೇಲೆ ರೈಲು ಬಂತು. ಗೋಡೆ ನಡುಗಿತು, ನೀರು ನಡುಗಿತು, ಕಿವಿ ಗುಂಯ್ಯೆಂದಿತು. ಕೆಂಚಿ ಕಲ್ಲಾಗಿ ನಿಂತುಬಿಟ್ಟಿತು. ರೈಲು ಹೋದ ಮೇಲೂ ಅಲುಗಲಿಲ್ಲ. ಹಿಂದೆ ಒಂದು ಟ್ರ್ಯಾಕ್ಟರ್ ಬಂದು ನಿಂತು ಹಾರನ್ ಹೊಡೆಯತೊಡಗಿತು. ನಾನು ಕೈ ಮುಗಿದೆ. ಅವನು ಹಾರನ್ ನಿಲ್ಲಿಸಿದ, ಆದರೆ ಇಂಜಿನ್ ಗುರ್ರೆನ್ನುತ್ತಲೇ ಇತ್ತು. ಕೆಂಚಿಯ ಎಡ ಮಂಡಿ ಅದುರುತ್ತಿತ್ತು, ಈಗಲೋ ಇನ್ನೊಂದು ಗಳಿಗೆಗೋ ಮಡಿಸುವ ಹಾಗೆ. ಬಾ ಎಂದೆ. ಎಳೆದೆ. ಬೈದೆ. ಹಗ್ಗದ ಗಂಟಿನ ಮೇಲೆ ನನ್ನ ಕೈಯಿತ್ತು. ಬಿಚ್ಚಿ ಹೋಗುವುದಾದರೆ ಇಲ್ಲೇ.

ಆಗ ಗೊತ್ತಾಯಿತು, ಜೋಳಿಗೆಯಲ್ಲಿ ಮರಿ ಸುಮ್ಮನಿದೆ. ರೈಲಿನ ಸದ್ದಿಗೆ ಅದೂ ಉಸಿರಡಗಿಸಿ ಕೂತಿತ್ತು. ಕೆಂಚಿ ಕತ್ತು ತಿರುಗಿಸಿ ನನ್ನ ಜೋಳಿಗೆಯನ್ನೇ ನೋಡುತ್ತಿತ್ತು.

ಮರಿಯ ಕಿವಿ ಹಿಂಡಿದೆ, ಜೋರಾಗಿ. ಅದು ಕಿರುಚಿತು. ಕೆಂಚಿ ಕಾಲೆತ್ತಿತು.

ಪಾಪ ಅನ್ನಿಸಲಿಲ್ಲ. ಅನ್ನಿಸುವುದಕ್ಕೆ ಪುರುಸೊತ್ತಿರಲಿಲ್ಲ. ಒಂದು ಕೈಯಲ್ಲಿ ಕಿವಿ ಹಿಂಡುತ್ತ, ಒಂದು ಕೈಯಲ್ಲಿ ಹಗ್ಗ ಹಿಡಿದು, ಹಿಂದು ಹಿಂದಕ್ಕೆ ನಡೆದೆ. ನೀರು ನನ್ನ ಮೊಣಕಾಲಿನ ತನಕ ಬಂತು. ಮರಿ ಅರಚಿತು, ಕೆಂಚಿ ಬಂತು. ನೀರಿನ ಆಚೆ ಏರು. ಏರಿಗೆ ಮುಂಗಾಲಿನ ಭಾರ ಕಡಿಮೆ, ಅಲ್ಲಿ ಅದೇ ನನಗಿಂತ ಮುಂದಾಯಿತು. ಮೇಲೆ ಬಂದ ಮೇಲೆ ನಾನು ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟೆ. ಟ್ರ್ಯಾಕ್ಟರಿನವನು ಹಾದುಹೋಗುತ್ತ, "ಬದುಕ್ತು ಬಡಜೀವ" ಎಂದ. ಯಾರಿಗೆ ಹೇಳಿದನೋ.

ಶಿವನಿ ಕಡೆಯ ಹೊಲದಲ್ಲಿ ಮಂದೆ ಆಗಲೇ ನಿಂತಿತ್ತು. ರಾಗಿ ಬಡಿದು ಖಾಲಿಯಾದ ಕಣ, ಒಣ ನೆಲ. ಕೆಂಚಿಯ ಮಂಡಿ ಬಿಸಿಯಾಗಿತ್ತು. ಬೋರಿನ ನೀರು ಹಾಕಿದೆ, ಪುಡಿ ತಿನ್ನಿಸಿದೆ. ಹೊತ್ತು ಮುಳುಗುವಾಗ ಅದು ಸುತ್ತ ಒಂದೆರಡು ಸಲ ತಿರುಗಿತು, ನೆಲ ಮೂಸಿತು. ಮುಂಗಾಲು ಮಡಿಸಿತು. ದಬಕ್ಕನೆ ಕೂತು, ಪಕ್ಕಕ್ಕೆ ಒರಗಿ, ಕಾಲು ಚಾಚಿ ಮಲಗಿತು.

ಅಷ್ಟು ದಿನದಿಂದ ಮಲಗದ ಕುದುರೆ. ನೋವು ಇಳಿದು ಮಲಗಿತೋ, ಶಕ್ತಿ ತೀರಿ ಬಿತ್ತೋ, ಹೇಳುವವರಿಲ್ಲ. ಮೈದುನ ಬಂದು ದೂರದಲ್ಲೇ ನಿಂತ.

"ಮಲಗ್ತಾ?"

"ಹೂಂ."

"ಬೆಳಗ್ಗೆ ಎದ್ರೆ ಸರಿ. ಎದ್ರೆ ಇನ್ನು ಹೇರು ಹೊರ್ಲಿ ಅತ್ಗೆ. ಖಾಲಿ ಕುದ್ರೆ ನಡೆಸ್ಕಂಡು ತಿರುಗಾಕೆ ನಾವೇನ್ ಪಾಳೇಗಾರ್ರಾ? ಏಳದಿದ್ರೆ..." ಎಂದು ನಿಲ್ಲಿಸಿದ. ಆಮೇಲೆ, "ಮುದ್ದೆ ಉಣ್ಣು, ಆರೋಗ್ತದೆ" ಎಂದು ಹೋದ.

ಆಗ ನನಗೆ ಎರಡು ಭಯ. ಏಳುವುದಿಲ್ಲ ಎಂಬುದೊಂದು. ಎದ್ದರೆ ಹೇರುತ್ತಾರೆ, ಶಿವನಿಯಿಂದ ಮುಂದಿನ ಊರಿಗೆ 'ಸುಮ್ಕೆ ಹಗುರಾಗಿ' ಎಂದು ಶುರುಮಾಡಿ ಒಂದು ವಾರಕ್ಕೆ ಪೂರಾ ಹೇರು ಆಗುತ್ತದೆ ಎಂಬುದು ಇನ್ನೊಂದು. ಅದು ನಮ್ಮವರ ರೀತಿ, ನನಗೆ ಗೊತ್ತು. ಬರೆಗಿಂತ ಅದೇ ನಿಧಾನವಾಗಿ ಕೊಲ್ಲುತ್ತದೆ. ಕಂಬಳಿ ಹೊದ್ದು ಅದರ ಬೆನ್ನ ಹಿಂದೆ ಕೂತೆ. ಓರಗಿತ್ತಿ ಪಟ್ಟಿ ಕತ್ತರಿಸಿ ಉಳಿದ ತನ್ನ ಹೊಸ ಕಂಬಳಿಯನ್ನು ತಂದು ಕುದುರೆಯ ಮೇಲೆ ಹಾಕಿ ಹೋದಳು.

ಮರುದಿನ ಬೆಳಕು ಹರಿಯುವಾಗ ಮಂಜು ಎಷ್ಟಿತ್ತೆಂದರೆ ಕುರಿಗಳು ಕಾಣುತ್ತಿರಲಿಲ್ಲ, ಕೆಮ್ಮು ಮಾತ್ರ ಕೇಳುತ್ತಿತ್ತು. ಉಪ್ಪು ಹುರಿದು ತಂದು ಮಲಗಿದ್ದ ಹಾಗೇ ಅದರ ಮಂಡಿಗೆ ಶಾಖ ಕೊಟ್ಟೆ. ಆಮೇಲೆ ಸರಿದು ನಿಂತೆ. ಕೆಂಚಿ ಮುಂಗಾಲು ಚಾಚಿ ಏಳಲು ನೋಡಿತು, ಕುಸಿಯಿತು. ಮತ್ತೆ ನೋಡಿತು, ಕುಸಿಯಿತು. ಮೈದುನ ಬಂದು ನನ್ನ ಪಕ್ಕ ನಿಂತಿದ್ದ, ಅವನ ಉಸಿರು ಕೇಳುತ್ತಿತ್ತು. ಮೂರನೆಯ ಸಲ ಅದು ನರಳಿ, ಬಲಗಾಲನ್ನು ಮುಂದೆ ಊರಿ, ಹಿಂಗಾಲಿನ ಮೇಲೆ ಒದ್ದುಕೊಂಡು ಎದ್ದು ನಿಂತಿತು. ಮೈ ಕೊಡವಿತು. ಕಂಬಳಿ ಕೆಳಗೆ ಬಿತ್ತು.

"ಎದ್ಬುಡ್ತಲ್ಲ ಅತ್ಗೆ!" ಎಂದು ಮೈದುನ ನಕ್ಕ. "ಮೆತ್ತೆ ಎಲ್ಲಿಕ್ಕಿದ್ದೀ?"

ಮೆತ್ತೆ ಸಾಮಾನಿನ ರಾಶಿಯ ಮೇಲೆ ಇತ್ತು. ನಾನೇ ಹೋಗಿ ತಂದೆ. ಕತ್ತರಿಯೂ ತಂದೆ. ಕೆಂಚಿಯ ಮುಂದೆ ಕೂತು, ನನ್ನ ಕೈಯ ಹೊಲಿಗೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಯ ತನಕ ಕತ್ತರಿಸಿದೆ.

"ಏಯ್, ಏನ್ ಮಾಡ್ತಿದ್ದೀಯೇ? ಅದು ಹೇರಿನ ಮೆತ್ತೆ!"

"ಗೊತ್ತು ಕಣೋ. ನಾನೇ ಹೊಲ್ದಿದ್ದು."

"ಸಾಮಾನು ಯಾರ್ ಹೊರ್ತಾರೆ?"

"ಆಟೋ ಬರ್ಲಿ. ಬರ್ದಿದ್ರೆ ನೀನು ಹೊರು."

ಅವನು ಕಸಿದುಕೊಂಡಾನು ಎಂದು ಮೆತ್ತೆಯನ್ನು ಮಡಿಲಿಗೆ ಎಳೆದುಕೊಂಡೆ. ಅವನು ಕಸಿದುಕೊಳ್ಳಲಿಲ್ಲ. ಗೋಣಿಯನ್ನು ತಲೆಕೆಳಗೆ ಮಾಡಿ ರಾಗಿಹುಲ್ಲನ್ನೆಲ್ಲ ಕೆಂಚಿಯ ಕಾಲಡಿ ಸುರಿದೆ, ದಪ್ಪವಾಗಿ ಹರಡಿದೆ. ಖಾಲಿ ಗೋಣಿ ಕೊಡವಿ ಮಡಚಿಟ್ಟೆ. ಆಮೇಲೆ ಹಗ್ಗ ಹಿಡಿದು, ಕಣದ ಸುತ್ತ ಅದನ್ನು ನಡೆಸಲು ಹೊರಟೆ.